ತೀರ್ಥ ಕುಡಿದ ಬ್ರೇಕು

"ಒತ್ತು. ಬಿಡು. ಮತ್ತ ಒತ್ತು."

ವೆಂಕೋಬ ಒತ್ತಿದ. ಮೊದಲ ಸಲ ಬ್ರೇಕಿನ ಪೆಡಲ್, ನೆನೆದ ಹಾಸಿಗೆಯ ಮೇಲೆ ಕಾಲಿಟ್ಟ ಹಾಗೆ ತಳದವರೆಗೆ ಇಳಿಯಿತು. ಐದನೆಯ ಸಲಕ್ಕೆ ಗಟ್ಟಿಯಾಗಿ ನಿಂತಿತು.

"ಹಂಗ ಹಿಡಿ. ಇಳೀತದೇನು?"

"ಇಲ್ಲ ಚಾಂದ್‌ಭಾಯ್, ನಿಂತೈತಿ."

"ಹಂಗಾರ ಎಲ್ಲೂ ಸೋರಿಲ್ಲ. ಒಳಗ ಗಾಳಿ ಹೊಕ್ಕೈತಿ," ಎಂದ ಮಸ್ಕಿಯ ಮೆಕ್ಯಾನಿಕ್ ಚಾಂದ್‌ಪಾಷಾ, ನಾಡಿ ಹಿಡಿದ ವೈದ್ಯನ ಗತ್ತಿನಲ್ಲಿ.

ಗ್ಯಾರೇಜಿನ ಮುಂದೆ ಹಳೆಯ ಟೈರಿನ ಮೇಲೆ ವೆಂಕೋಬನ ಹೆಂಡತಿ ಸುರೇಖಾ ರೇಷ್ಮೆ ಸೀರೆಯುಟ್ಟು, ತೊಟ್ಟಿಲಿಗೆ ಕಟ್ಟುವ ಬಟ್ಟೆಗಿಣಿಗಳ ಗೊಂಚಲು ಹಿಡಿದು ಕೂತಿದ್ದಳು. ಸಿಂಧನೂರಿನಲ್ಲಿ ಅವಳ ತಂಗಿಯ ಕೂಸಿನ ತೊಟ್ಟಿಲ ಕಾರ್ಯ. ಲಿಂಗಸುಗೂರು ಬಿಟ್ಟು ಬಂದ ಕಾರು ಮಸ್ಕಿಯ ಬಸ್ ನಿಲ್ದಾಣದ ಹತ್ತಿರ ನಿಲ್ಲಬೇಕಾದಲ್ಲಿ ನಿಲ್ಲದೆ, ಬಾಳೆಹಣ್ಣಿನ ಗಾಡಿಗೆ ಮುತ್ತಿಟ್ಟು ನಿಂತಿತ್ತು. ಆಗಲೇ ಸುರೇಖಾ ಬಸ್ಸಿಗೆ ಹೊರಟಿದ್ದಳು. ಒಂದು ತಾಸು ತಡಿ ಎಂದು ವೆಂಕೋಬ ನಡುಬೀದಿಯಲ್ಲಿ ಕೈಮುಗಿದಿದ್ದ. ಸೆಕೆಂಡ್ ಹ್ಯಾಂಡ್ ಕಾರು ಕೊಂಡು ಒಂಬತ್ತು ದಿನ. ಹೆಂಡತಿ ಬಸ್ಸಿನಿಂದ ಇಳಿದರೆ ಮಾವನ ಮನೆಯವರು ಆ ಕೂಸಿನ ಮದುವೆಯವರೆಗೂ ಅದನ್ನೇ ಆಡಿಕೊಳ್ಳುತ್ತಾರೆ.

ಚಾಂದ್‌ಪಾಷಾ ಬಾನೆಟ್ ಎತ್ತಿ, ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತಿರುವಿ ಇಣುಕಿದ. ಎರಡು ಬೆರಳಿಂದ ಏನನ್ನೋ ಎತ್ತಿ ಬಿಸಿಲಿಗೆ ಹಿಡಿದ.

ತುಳಸಿ ಎಲೆ.

"ಇದು ಯಾವ ಕಂಪನಿ ಎಣ್ಣಿ ಅಣ್ಣಾ?"

ವೆಂಕೋಬ ಸ್ಟೀರಿಂಗಿನ ಹಿಂದೆ ಸಣ್ಣಗಾದ. "ಅಮಾಸಿಗೆ ಪೂಜಿ ಮಾಡಿದ್ದೆ. ಗಾಲಿಗೆ ನಿಂಬಿಹಣ್ಣು ಇಟ್ಟೆ, ಕಾಯಿ ಒಡದೆ. ತೀರ್ಥ ಉಳೀತು. ಚೆಲ್ಲಬಾರದಲ್ಲ?"

"ಹಂಗಂತ ಬ್ರೇಕಿಗೆ ಕುಡಿಸಿದೇನು! ಬ್ರೇಕ್ ಹಿಡದಂಗ ಎಣ್ಣಿ ಕಾಯ್ತೈತಿ, ಅದರಾಗಿನ ನೀರು ಕುದ್ದು ಆವಿ ಆಕ್ಕೈತಿ. ನೀ ತುಳಿಯೋದು ಗಾಲಿಗೆ ಮುಟ್ಟಂಗಿಲ್ಲ, ಬರೇ ಆವಿ ಅಮುಕತೈತಿ. ತೀರ್ಥ ಆದ್ರೇನು, ಬೆಂಕಿಗೆ ಅದೂ ನೀರ ಅಲ್ಲೇನು?"

ಹಳೆಯ ಎಣ್ಣೆಯನ್ನೆಲ್ಲ ಹೊರಹಾಕಿ ಹೊಸದು ಸುರಿದದ್ದಾಯಿತು. ಡಬ್ಬಿಗೆ ಎಲ್ಲಕ್ಕಿಂತ ದೂರದ ಗಾಲಿಯಿಂದ ಶುರು. ಮೇಲೆ ವೆಂಕೋಬ ಒತ್ತುವುದು, ಕೆಳಗೆ ಚಾಂದ್‌ಪಾಷಾ ಗಾಳಿ ಬಿಡುವ ನಟ್ಟು ಸಡಿಲಿಸಿ ಬಿಗಿಯುವುದು. ನಟ್ಟಿಗೆ ಸಿಕ್ಕಿಸಿದ ನಳಿಗೆಯ ಬಾಯಲ್ಲಿ ಸೋಡಾದಂತೆ ಗುಳ್ಳೆ ಬಂದವು, ಕಡಿಮೆಯಾದವು, ನಿಂತವು. ಕೊನೆಗೆ ಚಾಂದ್‌ಪಾಷಾ ತಾನೇ ಒಂದು ಸುತ್ತು ಓಡಿಸಿ, ಅದೇ ಬಾಳೆಹಣ್ಣಿನ ಗಾಡಿಯ ಮುಂದೆ ಬೇಕೆಂದೇ ಗಕ್ಕನೆ ನಿಲ್ಲಿಸಿದ. ಗಾಡಿಯ ಕರೆಮ್ಮ ಇಬ್ಬರ ವಂಶವನ್ನೂ ಬಾಯ್ತುಂಬ ಹರಸಿದಳು.

"ಏಳು ಸುರೇಖಾ, ಕಲ್ಲಿನಂಗ ಆಗೈತಿ," ವೆಂಕೋಬ ಬಾಗಿಲು ತೆರೆದ.

ಸುರೇಖಾ ಏಳಲಿಲ್ಲ. "ಖರೆ ಹೇಳ್ರಿ. ತೀರ್ಥ ಎಷ್ಟು ಉಳದಿತ್ತು?"

"ಒಂದು ತಂಬಿಗಿ."

"ಆ ಡಬ್ಬಿ ಎಷ್ಟು ಹಿಡೀತೈತಿ ಚಾಂದ್‌ಭಾಯ್?"

"ಭಾಳ ಅಂದ್ರ ಅರ್ಧ ಗ್ಲಾಸು, ಅಕ್ಕಾ."

"ಮಿಕ್ಕಿದ್ದು ಎಲ್ಲಿ ಹೋತು?"

ನೋಡಬಾರದು ಅಂದುಕೊಂಡೇ ವೆಂಕೋಬ ಬಾನೆಟ್ಟಿನ ಕಡೆ ನೋಡಿದ. ಎಂಜಿನ್ ಆಯಿಲ್ಲಿಗೂ ಒಂದು ಮುಚ್ಚಳವಿತ್ತು. ಚಾಂದ್‌ಪಾಷಾ ಒರೆಸಿಟ್ಟಿದ್ದ ಪಾನಾ ಮತ್ತೆ ಕೈಗೆತ್ತಿಕೊಂಡ.

ವೆಂಕೋಬ ಬಾಗಿಲನ್ನು ಇನ್ನಷ್ಟು ಅಗಲ ತೆರೆದು ಹಿಡಿದ. "ಮುಂದಿನ ಸೀಟ್ ನಿಂದು. ಎಸಿ ಹಾಕ್ತೀನಿ. ಬಾ, ಕೂಡು."

"ಒಲ್ಲೆ," ಎಂದಳು ಸುರೇಖಾ.