ಗೋಲಾ ಸಿಡಿಯದ ಸಂಜೆ

ನಿನ್ನೆಯ ಎಣ್ಣೆಯನ್ನೇ ಮತ್ತೆ ಕಾಯಿಸಿದ್ದಾರೆ, ವಾಸನೆಯಲ್ಲೇ ತಿಳಿಯುತ್ತದೆ, ಯಾರೋ ಸಮೋಸ ಕರಿಯುತ್ತಿದ್ದಾರೆ, ಕರಿಯಲಿ, ಕರ್ಫ್ಯೂ ಎತ್ತಿದ ಮೊದಲ ಸಂಜೆಯಲ್ಲವೇ, ರಸೆಲ್ ಮಾರುಕಟ್ಟೆಯ ಹಿಂದಿನ ಈ ಗಲ್ಲಿಯಲ್ಲಿ ಬಾಗಿಲುಗಳೆಲ್ಲ ಮತ್ತೆ ತೆರೆದಿವೆ, ಜಗಲಿ ಜಗಲಿಯ ಮೇಲೂ ತಟ್ಟೆ, ತಟ್ಟೆಯ ತುಂಬ ಖರ್ಜೂರ, ಪಪಾಯದ ಹೋಳು, ಮಸೀದಿಯಿಂದ ತಂದ ಗಂಜಿ — ಉಮ್ಮೆ ಕುಲ್ಸುಂ ಹೊಸ್ತಿಲ ಒಳಗೆ ಕೂತು ಪರದೆಯ ಸಂದಿಯಿಂದ ನೋಡುತ್ತಾಳೆ, ನೋಡಿದಷ್ಟೂ ಹೊಟ್ಟೆ ಉರಿಯುತ್ತದೆ, ಉಪವಾಸದ ಹೊಟ್ಟೆಯಲ್ಲ ಇದು, ಇದು ಬೇರೆ ಉರಿ, ಮಧ್ಯಾಹ್ನ ನನ್ನ ಗಂಡನನ್ನು ಮಾರಿ ಬಂದವರು ಸಂಜೆಗೆ ಗಂಜಿಯ ಮುಂದೆ ಕೂತಿದ್ದಾರೆ, ಇವರಿಗೆ ಗಂಟಲಲ್ಲಿ ಇಳಿಯುತ್ತದಲ್ಲ. ಪಕ್ಕದಲ್ಲಿ ಅತ್ತೆ ನೂರ್ಜಹಾನ್ ಬೀ, ಕಣ್ಣಿಗೆ ಪೊರೆ, ಕಿವಿ ಅರ್ಧ, ಮಡಿಲಲ್ಲಿ ಖರ್ಜೂರ ಇಟ್ಟುಕೊಂಡು ಕಾಯುತ್ತಿದ್ದಾಳೆ, ಹೊತ್ತು ಮುಳುಗಿತೇನೇ ಅಂತ ಕೇಳುತ್ತಾಳೆ, ಇನ್ನೂ ಇಲ್ಲ ಅಮ್ಮಿ, ನಮ್ಮ ಅಸ್ಗರ್ ಎಲ್ಲಿ, ಮಸೀದಿಯಲ್ಲಿ ಅಮ್ಮಿ, ಎತೆಕಾಫ್ ಕೂತಿದ್ದಾರೆ, ರಂಜಾನಿನ ಕಡೇ ಹತ್ತು ದಿನ ಗಂಡಸರು ಮನೆ ಬಿಟ್ಟು ಮಸೀದಿಯಲ್ಲೇ ಇರೋದಿಲ್ವಾ, ಹಾಗೆ. ಎಷ್ಟು ಸಲೀಸಾಗಿ ಬರುತ್ತದೆ ಸುಳ್ಳು, ಪೊಲೀಸರು ಬಂದು ಕೊಡಪಾನ, ಹಾಸಿಗೆ, ಹಿಟ್ಟಿನ ಡಬ್ಬ ಎಲ್ಲ ಕೆದಕಿ ಹೋದ ದಿನವೂ ಹೇಳಿದ್ದಳು, ಪ್ಲೇಗಿನವರು ಅಮ್ಮಿ, ಇಲಿ ಹುಡುಕ್ತಿದ್ದಾರೆ. ಸಿಕ್ತಾ ಅಂದಿದ್ದಳು ಮುದುಕಿ. ಸಿಗಲಿಲ್ಲ.

ಅದರ ಹಿಂದಿನ ಸಂಜೆಯೂ ಹೀಗೇ ಕೂತಿದ್ದರಲ್ಲ, ಎಲ್ಲರೂ, ಇದೇ ಜಗಲಿ, ಇದೇ ತಟ್ಟೆ. ಬಾಂಗಿನ ದನಿ ಮಾರುಕಟ್ಟೆಯ ಗದ್ದಲದಲ್ಲಿ ಇಲ್ಲಿಯತನಕ ಬರುವುದಿಲ್ಲ, ಅದಕ್ಕೇ ಗೋಲಾ, ಕಬ್ಬಿಣದ ದಪ್ಪ ಪಾತ್ರೆ, ಅದರೊಳಗೆ ಮದ್ದು ಗಿಡಿದು ಮಸೀದಿಯ ಮಾಳಿಗೆ ಮೇಲೆ ಅಸ್ಗರ್ ಬತ್ತಿಗೆ ಕಿಡಿ ಇಟ್ಟನೆಂದರೆ ಢಂ, ಅತ್ತ ಹಲಸೂರಿನ ಕಡೆಗೂ ಕೇಳಬೇಕು, ಆ ಸದ್ದಿಗೇ ರೋಜಾ ಬಿಡುವುದು, ಅವನ ಅಪ್ಪ ಸಿಡಿಸುತ್ತಿದ್ದ, ಈಗ ಅವನು. ಅವತ್ತು ಸದ್ದು ಬಂತು, ಸ್ವಲ್ಪ ಬೇಗ ಅನ್ನಿಸಿತು ಅವಳಿಗೆ, ಬಿಸಿಲಿನ್ನೂ ಎದುರು ಮನೆಯ ಹೆಂಚಿನ ಮೇಲಿತ್ತು, ಆದರೆ ದಿನವಿಡೀ ಒಣಗಿದ ಬಾಯಿ ಬಿಸಿಲು ನೋಡುತ್ತದೆಯೇ, ಗಲ್ಲಿಗೆ ಗಲ್ಲಿಯೇ ಬಿಸ್ಮಿಲ್ಲಾ ಅಂತ ಕೈಯೆತ್ತಿ ಬಾಯಿಗಿಟ್ಟಿತು, ಅವಳೂ ಇಟ್ಟಳು, ಖರ್ಜೂರದ ಬೀಜ ಇನ್ನೂ ನಾಲಿಗೆ ಮೇಲಿದ್ದಾಗಲೇ ಮೂಲೆಯಿಂದ ಚೀರಾಟ ಬಂತು. ಗೋಲಾ ಅಲ್ಲ. ಮೂಲೆಯ ಟಪ್ಪಾಲು ಡಬ್ಬಿಯೊಳಗೆ ಯಾರೋ ಬಾಂಬು ಇಟ್ಟಿದ್ದರು. ಡಬ್ಬಿಯ ನೆರಳಲ್ಲಿ ದಿನಾ ಕೂರುತ್ತಿದ್ದ ನಿಂಬೆಹಣ್ಣಿನ ಮುದುಕಿ ಸತ್ತಳು. ಹಣ್ಣು ಮೋರಿಯತನಕ ಉರುಳಿಕೊಂಡು ಹೋಗಿದ್ದವಂತೆ, ಕೆಲವರು ಆರಿಸಿಕೊಂಡರಂತೆ, ಥೂ. ಇಟ್ಟವರು ದೇಶ ಬಿಡಿಸುವವರಂತೆ, ಚಲೇಜಾವ್ ಅಂತ ರಾತ್ರೋರಾತ್ರಿ ಗೋಡೆಗೆ ಬರೆಯುವವರಂತೆ, ಯಾರನ್ನೂ ಕೊಲ್ಲೋ ಉದ್ದೇಶ ಇರಲಿಲ್ಲವಂತೆ, ಸರ್ಕಾರವನ್ನು ಹೆದರಿಸೋಕೆ ಅಂತೆ — ಸರ್ಕಾರ ಏನು ಟಪ್ಪಾಲು ಡಬ್ಬಿಯ ಪಕ್ಕ ನಿಂಬೆಹಣ್ಣು ಮಾರುತ್ತಾ ಕೂತಿತ್ತೇ, ದೊರೆ ಹೋಗಬೇಕಾದರೆ ದೊರೆಯ ಬಂಗಲೆಗೆ ಹೋಗಿ ಹೇಳಿ, ಧೈರ್ಯವಿದ್ದರೆ ಎದುರು ನಿಂತು ಹೇಳಿ, ಆ ಮುದುಕಿಗೆ ಯಾವ ಸ್ವಾತಂತ್ರ್ಯ ಬಂತು, ಗೋರಿಯದೇ. ನನಗೂ ಬೇಡವೇ ಅವರು ಹೋಗುವುದು, ಬೇಕು, ದಂಡಿನ ರಸ್ತೆಯಲ್ಲಿ ಸೋಲ್ಜರು ಬುರ್ಖಾ ಎಳೆದು ನಕ್ಕದ್ದು ಮರೆತಿಲ್ಲ. ಆದರೆ ಹೀಗಲ್ಲ.

ಅಸ್ಗರ್ ಕತ್ತಲಾದ ಮೇಲೆ ಬಂದ, ಬಂದವನು ನೀರೂ ಕೇಳಲಿಲ್ಲ, ನಾನು ಸಿಡಿಸಲೇ ಇಲ್ಲ ಕಣೇ ಅಂದ. ಮಾಳಿಗೆ ಮೇಲೆ ನಿಂತಿದ್ದೆ, ಹೊತ್ತಿನ್ನೂ ಆಗಿರಲಿಲ್ಲ, ಆ ಸದ್ದು ಬಂತು, ಬಗ್ಗಿ ನೋಡಿದ್ರೆ ಎಲ್ಲರ ಕೈಯೂ ಬಾಯಲ್ಲಿ, ಆಮೇಲೆ ಹೊತ್ತು ಆಯ್ತು, ಕಿಡಿ ಕೈಯಲ್ಲೇ ಇತ್ತು, ನಾನೀಗ ಸಿಡಿಸಿದ್ರೆ ಹೊತ್ತಿಗೆ ಮೊದಲೇ ತಿಂದ್ರಿ, ನಿಮ್ಮ ರೋಜಾ ಮುರೀತು ಅಂತ ಊರಿಗೆಲ್ಲ ಡಂಗುರ ಹೊಡೆದ ಹಾಗೆ, ಮುದುಕರಿದ್ದಾರೆ, ಬಸುರಿಯರಿದ್ದಾರೆ, ಪಾಪ ಇದ್ರೆ ನನಗೇ ಇರಲಿ ಅಂತ ಇಳಿದು ಬಂದೆ. ಅವಳು ಬೈದಿದ್ದಳು, ಊರಿನ ಪಾಪಕ್ಕೆಲ್ಲ ಹೆಗಲು ಕೊಡೋಕೆ ನೀವೇನು ಪೈಗಂಬರರ ಮೊಮ್ಮಗನಾ, ನಿಮ್ಮ ಕೆಲಸ ಸಿಡಿಸೋದು, ಸಿಡಿಸಿ ಬರಬೇಕಿತ್ತು. ನಕ್ಕಿದ್ದ. ಒಳ್ಳೆಯವನು, ಅದೇ ಅವನ ರೋಗ, ಕೆ.ಆರ್. ಪುರದಲ್ಲಿ ಎತ್ತಿಗೆ ಲಾಳ ಕಟ್ಟುತ್ತಿದ್ದ ಅವಳಪ್ಪ ಮದುವೆಗೆ ಮೊದಲೇ ಹೇಳಿದ್ದ, ಹುಡುಗ ಮೆದು, ನೀನೇ ಸ್ವಲ್ಪ ಗಟ್ಟಿಯಾಗಿರವ್ವ ಅಂತ. ಮರುದಿನ ಪೊಲೀಸರು ಮಾಳಿಗೆ ಹತ್ತಿದರು, ಮದ್ದು ತುಂಬಿದ ಗೋಲಾ ಹಾಗೇ ಕೂತಿತ್ತು, ಬತ್ತಿ ಸಮೇತ, ಅವನನ್ನು ಹಿಡಿದುಕೊಂಡು ಹೋದರು. ಠಾಣೆಯ ಕಟಕಟೆಯಾಚೆ ಇನ್ಸ್‌ಪೆಕ್ಟರು ಸಿಗರೇಟಿನ ಬೂದಿ ಕೊಡವುತ್ತಾ ಅವಳಿಗೆ ಹೇಳಿದ್ದ, ಕೇಳಮ್ಮ, ದಿನಾ ಸಿಡಿಸೋನು ಅವತ್ತೊಂದೇ ದಿನ ಯಾಕೆ ಸಿಡಿಸಲಿಲ್ಲ, ಇನ್ನೊಂದು ಸಿಡಿಯುತ್ತೆ ಅಂತ ಗೊತ್ತಿತ್ತು, ಅದಕ್ಕೆ. ಬಾಂಬು ಬಿದ್ದರೆ ಪ್ರಪಂಚದಲ್ಲೆಲ್ಲ ಜನ ಓಡ್ತಾರೆ, ನಿಮ್ಮ ಗಲ್ಲಿಯವರು ಊಟಕ್ಕೆ ಕೂತರು, ಇದೇನು ಸಾಮಾನ್ಯ ವಿಷಯಾನಾ. ಅವಳು ಹೇಳಿದಳು, ಎಲ್ಲ ಹೇಳಿದಳು, ರೋಜಾ, ಬಿಸಿಲು, ಬಾಯಾರಿಕೆ, ಜನರ ಮರ್ಯಾದೆ ಉಳಿಸೋಕೆ ಇಳಿದು ಬಂದದ್ದು — ಹೇಳುತ್ತಾ ಹೇಳುತ್ತಾ ಅವಳಿಗೇ ಅದು ಕಟ್ಟುಕಥೆಯಂತೆ ಕೇಳತೊಡಗಿತು, ಸತ್ಯಕ್ಕೆ ಇಂಥ ಗತಿ ಬರಬಾರದು. ಕೋರ್ಟು ಎಂದಳು. ಇದು ಡಿಫೆನ್ಸ್ ಕಾನೂನು, ಕೋರ್ಟೂ ಇಲ್ಲ ವಕೀಲರೂ ಇಲ್ಲ, ಯುದ್ಧ ಮುಗಿಯೋವರೆಗೆ ಒಳಗೆ, ನಿಮ್ಮ ಕ್ಷೇಮಕ್ಕೇ ಅಲ್ವಾ ಇದು, ನಾಳೆ ಇನ್ನೊಂದು ಸಿಡಿದರೆ ನೀನೇ ಬಂದು ಅಳ್ತೀಯ. ನನ್ನ ಕ್ಷೇಮ. ನನ್ನ ಕ್ಷೇಮವನ್ನು ಎಳೆದುಕೊಂಡು ಹೋಗಿ ಲಾಕಪ್ಪಿನಲ್ಲಿ ಇಟ್ಟುಕೊಂಡು ನನಗೆ ಕ್ಷೇಮ ಹೇಳಿಕೊಡುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುತ್ತಿದ್ದ ಅಪ್ಪ, ಬರೆಯ ಕಬ್ಬಿಣ ಕೈಯಲ್ಲಿದ್ದವನಿಗೆ ಎತ್ತು ಯಾವುದು ಎಮ್ಮೆ ಯಾವುದು ಅಂತ ನೋಡುವ ಪುರುಸೊತ್ತೆಲ್ಲಿ.

ಆದರೂ ಅವಳು ಹೊರಡುವಾಗ ಇನ್ಸ್‌ಪೆಕ್ಟರು ಒಂದು ಮಾತು ಬಿಟ್ಟಿದ್ದ, ನಾಳಿದ್ದು ದೂರದ ಜೈಲಿಗೆ ಕಳಿಸ್ತೀವಿ, ಅಷ್ಟರೊಳಗೆ ನಿಮ್ಮ ಗಲ್ಲಿಯ ಹಿರಿಯರು ಬಂದು, ಇವನು ನಮ್ಮವನು, ನಾವೆಲ್ಲ ಗೊತ್ತಿಲ್ಲದೆ ತಿಂದ್ವಿ ಅಂದರೆ ನೋಡೋಣ. ಇಷ್ಟೇ. ಒಂದು ಮಾತು, ಅದೂ ನಿಜವಾದ ಮಾತು. ಜೋಗುಪಾಳ್ಯದ ಮುನಿಆಂಜನಪ್ಪ ಯಾರೂ ಕರೆಯದೆ ಠಾಣೆಗೆ ಹೋಗಿದ್ದ, ಹಲಸೂರಿನ ದೇವಸ್ಥಾನಕ್ಕೂ ಈ ಮಸೀದಿಗೂ ಮದ್ದು ಅರೆದು ಕೊಡುವವನು ಅವನೇ, ಮದ್ದು ನಂದು ಸ್ವಾಮಿ, ಸದ್ದಿಗೆ ಮಾಡಿದ್ದು, ಸಾಯಿಸೋಕಲ್ಲ ಅಂದನಂತೆ, ನಿನಗೂ ಒಳಗೆ ಜಾಗ ಬೇಕಾ ಅಂತ ಕೆನ್ನೆಗೆ ಬಿಟ್ಟರಂತೆ. ಬಾಗಿಲಾಚೆ ನಿಂತು ಹೇಳಿದ, ತಂಗಿ, ನಮ್ಮ ದೇವಸ್ಥಾನದ ಮದ್ದಿನ ಪಾತ್ರೇನೂ ಎತ್ಕೊಂಡ್ ಹೋದ್ರು, ನನ್ನ ಮಾತಿಗೆ ಅಲ್ಲಿ ಬೆಲೆ ಇಲ್ಲಮ್ಮ, ನಿಮ್ಮ ಸಾಬರು ಹೋಗ್ಲಿ. ಸಾಬರು ಹೋದರು, ಮಸೀದಿಯ ಯಜಮಾನಿಕೆ ನೋಡುವ ಚರ್ಮದ ವ್ಯಾಪಾರದ ಅಕ್ತರ್ ಸಾಬರು, ಇವತ್ತು ಮಧ್ಯಾಹ್ನ, ಅತ್ತರು ಹಾಕಿಕೊಂಡು, ಅವಳು ಪರದೆ ಹಿಡಿದು ಕಾದಳು, ಕಾದು ಕಾದು ಕೈ ಜೋಮು ಹಿಡಿಯಿತು. ಬಂದು ಪರದೆಯಾಚೆ ಕೆಮ್ಮಿದರು. ಬೇಟಿ, ನೂರು ಮನೆಯ ಒಲೆ ಹತ್ತಬೇಕಲ್ಲ, ಕರ್ಫ್ಯೂ ಇದ್ದರೆ ಮಾರುಕಟ್ಟೆ ಇಲ್ಲ, ಮಾರುಕಟ್ಟೆ ಇಲ್ಲದಿದ್ದರೆ ಈದ್ ಇಲ್ಲ, ನಾವೂ ತಿಂದ್ವಿ ಅಂದರೆ ನಮ್ಮನ್ನೂ ಒಳಗೆ ಹಾಕ್ತಾರೆ, ಅವನ ಲೆಕ್ಕ ಅವನದು ಅಂತ ಹೇಳಿ ಬಂದೆ, ಗೋಲಾ ಇನ್ನು ಮೇಲೆ ಬೇಡ ಅಂತಲೂ ಒಪ್ಪಿದೆ, ಕರ್ಫ್ಯೂ ಎತ್ತಿದರು, ಒಬ್ಬನಿಗೋಸ್ಕರ ಎಲ್ಲರೂ ಮುಳುಗೋಕಾಗುತ್ತಾ ನೀನೇ ಹೇಳು. ನಾನೇ ಹೇಳಬೇಕಂತೆ. ಅವನು ನಿಮ್ಮ ನೂರು ಮನೆಗೋಸ್ಕರ ತಾನೇ ಕಿಡಿ ಆರಿಸಿ ಇಳಿದು ಬಂದದ್ದು, ನಿಮ್ಮ ರೋಜಾ ಮುರಿದದ್ದು ನಿಮಗೆ ತಿಳಿಯಬಾರದು ಅಂತ, ಆಗ ಅವನು ಒಬ್ಬ, ನೀವು ನೂರು, ಅವನು ಲೆಕ್ಕ ಹಾಕಲಿಲ್ಲ. ಹೇಳಬೇಕಿತ್ತು ಇದನ್ನು, ಪರದೆ ಕಿತ್ತೆಸೆದು ಮುಖಕ್ಕೇ ಹೇಳಬೇಕಿತ್ತು, ಅತ್ತೆ ಒಳಗಿದ್ದಳು, ಕೇಳಿಸಿದರೆ ಎದೆ ಒಡೆದುಕೊಳ್ಳುತ್ತಾಳೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತಂತೆ, ಒಬ್ಬರು ಬಿಡುಗಡೆ ಬೇಕು ಅಂತ ಬಾಂಬಿಟ್ಟರು, ಇನ್ನೊಬ್ಬರು ಕಾವಲು ಬೇಕು ಅಂತ ಬೀಗ ಹಾಕಿದರು, ಇಬ್ಬರಿಗೂ ಬೇಕಾಗಿದ್ದು ಸಿಕ್ಕಿತು, ನಾಳೆ ಬೆಳಿಗ್ಗೆ ರೈಲು ಹತ್ತಿಸುವುದು ಮಾತ್ರ ಅಸ್ಗರನನ್ನು.

ಎದುರು ಜಗಲಿಯವರು ಖರ್ಜೂರ ಕೈಗೆತ್ತಿಕೊಂಡರು, ಹೆಂಚಿನ ಮೇಲಿನ ಬಿಸಿಲು ಹೋಯಿತು, ಇನ್ನೇನು ಬರುತ್ತದೆ, ಗೋಲಾದ ಬದಲು ಸೈರನ್ನು, ಜಪಾನಿನವರ ವಿಮಾನ ಬಂದರೆ ಕೂಗಿಸಲೆಂದು ಠಾಣೆಯ ನೆತ್ತಿಯ ಮೇಲೆ ಕಟ್ಟಿದ್ದನ್ನು ಇವತ್ತಿನಿಂದ ರೋಜಾ ಬಿಡುವುದಕ್ಕೂ ಕೂಗಿಸುತ್ತಾರಂತೆ, ಇನ್ಸ್‌ಪೆಕ್ಟರರ ದೊಡ್ಡ ಮನಸ್ಸು ಅಂತ ಅಕ್ತರ್ ಸಾಬರು ಮನೆಮನೆಗೂ ಹೇಳಿಸಿದ್ದಾರೆ, ಸಾವು ಬರುತ್ತಿದೆ ಓಡಿ ಅಂತ ಸಾರುವ ಸದ್ದು ಅದು, ಅದನ್ನು ಕೇಳಿ ಉಣ್ಣಬೇಕಂತೆ, ಅದರ ಕೆಳಗೇ ಒಂದು ಕೋಣೆಯಲ್ಲಿ ಅವನು, ಅವನಿಗೂ ಕೇಳುತ್ತದೆ, ಅವನ ಮುಂದೆ ನೀರಾದರೂ ಇಟ್ಟಿರುತ್ತಾರೋ ಇಲ್ಲವೋ — ಬಂತು. ಮೊದಲು ಸಣ್ಣಗೆ, ಆಮೇಲೆ ಏರುತ್ತಾ, ಗಲ್ಲಿಯ ಬಾಯಿಯಿಂದ ಒಳಗೆ ನುಗ್ಗಿತು, ಪಾತ್ರೆಗಳೆಲ್ಲ ಜುಮ್ಮೆಂದವು, ಅರ್ಧ ಕಿವಿಯ ಮುದುಕಿಗೂ ಕೇಳಿತು, ಅಷ್ಟು ಜೋರು. ಅವಳ ಮುಖ ಅರಳಿತು. ಅಸ್ಗರ್ ಸಿಡಿಸಿದ ನೋಡೇ ಅಂದಳು, ಇವತ್ತಿನದು ಎಷ್ಟು ಉದ್ದ, ಅವರಪ್ಪನ ಕಾಲದಲ್ಲೂ ಇಷ್ಟು ಉದ್ದ ಇರಲಿಲ್ಲ, ನನ್ನ ಮಗನ ಕೈಗೆ ಬರಕತ್ತಾಗಲಿ. ಖರ್ಜೂರ ಬಾಯಿಗಿಟ್ಟುಕೊಂಡಳು. ಹೌದಲ್ವೇನೇ, ಅವನೇ ಅಲ್ವಾ. ಕುಲ್ಸುಂ ಪರದೆಯ ಸಂದಿಯಿಂದ ನೋಡುತ್ತಾಳೆ, ಎದುರು ಜಗಲಿಯ ಕೈಗಳು ಬಾಯಲ್ಲಿ, ಪಕ್ಕದ ಜಗಲಿಯವು ಬಾಯಲ್ಲಿ, ಗಲ್ಲಿಯ ಕೊನೆಯಲ್ಲಿ ಅಕ್ತರ್ ಸಾಬರದು ಬಾಯಲ್ಲಿ, ಹೌದು ಅಮ್ಮಿ ಅವರೇ ಅನ್ನಬೇಕು, ಅನ್ನಲು ಬಾಯಿ ತೆರೆದರೆ ಮುದುಕಿ ತಡಕಾಡಿ ಅವಳ ತುಟಿ ಹುಡುಕಿ ಒಂದು ಖರ್ಜೂರ ಅಲ್ಲಿಗೆ ಒತ್ತುತ್ತಾಳೆ, ತಿನ್ನು, ನನ್ನ ಮಗ ಹೇಳಿದ್ದಾನಲ್ಲ ಹೊತ್ತಾಯ್ತು ಅಂತ, ತಿನ್ನು, ಸೈರನ್ನು ಇಳಿಯುತ್ತಿಲ್ಲ, ಮುದುಕಿಯ ಕೈ ಅವಳ ಬಾಯ ಮೇಲೆ ಇದೆ, ಅವಳು ಹಲ್ಲು ಬಿಗಿದಿದ್ದಾಳೆ, ಕೈ ಇದೆ, ಹಲ್ಲು ಬಿಗಿದೇ ಇದೆ.