ದನ ನೆರಳಿಗೆ ಬರುವ ಹೊತ್ತು

ಹಾಡಿಯಲ್ಲಿ ಹುಟ್ಟದವನು ಹಾಡಿಯವಳ ಸೇಡಿನ ಕತೆ ಹೇಳುವುದು ಅಧಿಕಪ್ರಸಂಗವೇ. ತಪ್ಪಿದ್ದರೆ ಮನ್ನಿಸಿ. ಕೇಳಿದ್ದನ್ನು ಕೇಳಿದ ಹಾಗೆ ಹೇಳುತ್ತೇನೆ.

ಹೆಗ್ಗಡದೇವನಕೋಟೆಯ ಕಾಡಂಚಿನ ಒಂದು ಗಿರಿಜನರ ಹಾಡಿಯಲ್ಲಿ ಚಿಕ್ಕಮಾದಿ ಎರಡು ವರ್ಷದಿಂದ ಒಂದು ಪ್ರಶ್ನೆಯನ್ನು ಎದೆಯಲ್ಲಿಟ್ಟುಕೊಂಡು ಕಾಯುತ್ತಿದ್ದಳು. ಎಪ್ಪತ್ತೊಂದರ ಬೇಸಿಗೆಯಲ್ಲಿ ಬಿದಿರು ಕಡಿಯುವಾಗ ಅವಳ ಗಂಡ ನಿಂಗನಿಗೆ ಹಾವು ಕಚ್ಚಿತ್ತು. ಅವಳೂ ನಾದಿನಿ ಸಣ್ಣಿಯೂ ಅವನನ್ನು ಕಂಬಳಿಯಲ್ಲಿ ಹೊತ್ತು ರಸ್ತೆಬದಿಯ ಆಸ್ಪತ್ರೆಗೆ ತಂದರು. ಅಲ್ಲಿ ಮಹದೇವಯ್ಯ ಎಂಬ ಡಾಕ್ಟರು ಹಾವಿನ ವಿಷಕ್ಕೆ ಬಂದ ಹೊಸ ಮದ್ದನ್ನು ಪರೀಕ್ಷೆ ಮಾಡುತ್ತಿದ್ದರು. ಬೇರೆ ಮದ್ದು ಅಲ್ಲಿರಲಿಲ್ಲ.

“ಎಷ್ಟು ಗಂಟೆಗೆ ಕಚ್ಚಿದ್ದು?”

“ದನ ನೆರಳಿಗೆ ಬರೋ ಹೊತ್ತು, ಸ್ವಾಮಿ.”

“ಗಂಟೆ ಹೇಳಮ್ಮ. ಗಂಟೆ ಗೊತ್ತಿಲ್ಲದವರನ್ನ ಪರೀಕ್ಷೆಗೆ ಸೇರಿಸೋ ಹಾಗಿಲ್ಲ. ಮೈಸೂರಿಗೆ ಕರಕೊಂಡು ಹೋಗು.”

ಹಾಡಿಯಲ್ಲಿ ಗಡಿಯಾರ ಯಾರ ಮನೆಯಲ್ಲಿತ್ತು? ಬಾಯಿಗೆ ಬಂದ ಒಂದು ಗಂಟೆ ಹೇಳಿದ್ದರೆ ಆಗುತ್ತಿತ್ತು. ಅದು ಅವಳಿಗೆ ತೋಚಲಿಲ್ಲ. ಬಸ್ಸು ಬರುವ ಮೊದಲೇ ನಿಂಗ ಆಸ್ಪತ್ರೆಯ ಜಗಲಿಯ ಮೇಲೆ ಸತ್ತ.

ಎಪ್ಪತ್ಮೂರರಲ್ಲಿ ಅದೇ ಡಾಕ್ಟರು ಜೀಪಿನಲ್ಲಿ ಹಾಡಿಗೆ ಬಂದರು. ಪರೀಕ್ಷೆಗೆ ಸೇರಿದವರೆಲ್ಲ ಹೊಲ ಗದ್ದೆಯುಳ್ಳ, ಕೈಗಡಿಯಾರವುಳ್ಳ ಮನೆಯವರು. ಹಾವು ಹೆಚ್ಚಾಗಿ ಕಚ್ಚುವ ಹಾಡಿಯವರು ಒಬ್ಬರೂ ಪರೀಕ್ಷೆಯ ಪುಸ್ತಕದಲ್ಲಿಲ್ಲ ಎಂದು ಮೇಲಿನವರು ಗದರಿದ್ದರಂತೆ. ಚಿಕ್ಕಮಾದಿಯ ಮಾತನ್ನು ಹಾಡಿ ಕೇಳುತ್ತದೆಂದು ತಿಳಿದು ಅವಳ ಗುಡಿಸಲ ಮುಂದೆ ನಿಂತರು.

“ಹಾವು ಕಚ್ಚಿದ್ರೆ ನಿಮ್ಮೋರನ್ನ ನಮ್ಮಲ್ಲಿಗೆ ಕಳಿಸಮ್ಮ. ಇನ್ಮೇಲೆ ಗಂಟೆ ಕೇಳಲ್ಲ. ಪರೀಕ್ಷೆ ಅಂತ ತಿಳಿಸಿ, ಒಪ್ಪಿದ್ರೆ ಮದ್ದು ಕೊಡ್ತೀವಿ.”

ಅವಳು ಅವರನ್ನು ಬಿಸಿಲಲ್ಲೇ ನಿಲ್ಲಿಸಿದಳು. “ನನ್ ಗಂಡ ನಿಮ್ ಜಗಲೀಲಿ ಸತ್ತ. ಎಷ್ಟು ಗಂಟೆಗೆ?”

ಡಾಕ್ಟರು ತಲೆ ತಗ್ಗಿಸಿದರು. “ನೆನಪಿಲ್ಲಮ್ಮ.”

“ಗಂಟೆ ಗೊತ್ತಿಲ್ದೋರ್ಗೆ ಜನ ಕೊಡಂಗಿಲ್ಲ ಕಣ್ರೀ. ಮೈಸೂರ್ಗೆ ಓಗಿ ಕೇಳ್ಕೊಳಿ.”

ಹಿಂದಿನಿಂದ ಸಣ್ಣಿ ಕಿಸಕ್ಕನೆ ನಕ್ಕಳು. “ಬುಡು ಅತ್ತಿಗೆ, ಬಸ್ ಬರಗಂಟ ಇಲ್ಲೇ ಜಗಲಿ ಮ್ಯಾಲೆ ಮಲಗ್ಲಿ!”

ಜೀಪು ಹೋಯಿತು. ಎಷ್ಟೋ ದಿನದ ಮೇಲೆ ಚಿಕ್ಕಮಾದಿಗೆ ಮುದ್ದೆ ರುಚಿಸಿತು.

ತಿಂಗಳಾಗಿರಲಿಲ್ಲ, ಸಣ್ಣಿಯ ಕಾಲಿಗೇ ಹಾವು ಕಚ್ಚಿತು. ಚಿಕ್ಕಮಾದಿ ನೆರೆಯವರನ್ನು ಕೂಗಿ, ಅದೇ ಕಂಬಳಿಯಲ್ಲಿ ಅದೇ ಆಸ್ಪತ್ರೆಗೆ ಹೊತ್ತು ತಂದಳು. ಡಾಕ್ಟರು ಗಂಟೆ ಕೇಳಲಿಲ್ಲ. ಪರೀಕ್ಷೆಯ ವಿಷಯ ಹೇಳಿದರು, ಸಣ್ಣಿ ತಲೆಯಾಡಿಸಿದಳು. ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತದೆ ಮದ್ದು ಕೊಡುವಂತಿರಲಿಲ್ಲ. ಅವರು ಶಾಯಿ ತಂದಾಗ ಚಿಕ್ಕಮಾದಿ ಸಣ್ಣಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಮೊದ್ಲು ನಿಂಗನ್ ಎಸ್ರು ಬರೀರಿ.”

“ಸತ್ತವರನ್ನ ಈ ಪುಸ್ತಕಕ್ಕೆ ಸೇರಿಸೋಕೆ ಬರಲ್ಲಮ್ಮ. ಕೈ ಬಿಡು, ಹೊತ್ತಾಗ್ತಿದೆ!”

“ಅವತ್ತೂ ಹೊತ್ತಾಗ್ತಿತ್ತು.”

“ಅತ್ತಿಗೆ, ಉರೀತದೆ,” ಎಂದಳು ಸಣ್ಣಿ.

ಚಿಕ್ಕಮಾದಿ ಬಿಡಲಿಲ್ಲ. ಡಾಕ್ಟರ ಹಣೆಯ ಮೇಲೆ ಬೆವರು ಇಳಿಯುವುದನ್ನು ನೋಡುತ್ತ ನಿಂತಳು. ಎರಡು ವರ್ಷ ಕಾದದ್ದು ಅದಕ್ಕೇ. ಕೊನೆಗೆ ಅವರು ಪುಸ್ತಕದಲ್ಲಿ ಬರೆದು, ಗಟ್ಟಿಯಾಗಿ ಓದಿದರು: “ನಿಂಗ. ಕಚ್ಚಿದ್ದು ದನ ನೆರಳಿಗೆ ಬರುವ ಹೊತ್ತು. ಮದ್ದು ಕೊಡಲಿಲ್ಲ.”

ಆಗ ಕೈ ಬಿಟ್ಟಳು.

ಸಣ್ಣಿ ಬದುಕಿದಳು. ಎಡಗಾಲು ಮಾತ್ರ ಸೊರಗಿ ಕುಂಟುವಂತಾಯಿತು. ಅತ್ತಿಗೆಯ ಜೊತೆ ಅವಳು ಮತ್ತೆ ಮಾತಾಡಲಿಲ್ಲ. ಆ ಕಾಲನ್ನು ವಿಷವೇ ತಿಂದಿತೋ, ಚಿಕ್ಕಮಾದಿ ಹಿಡಿದಿಟ್ಟ ಹೊತ್ತು ತಿಂದಿತೋ, ನನಗೆ ತಿಳಿಯದು. ಎಷ್ಟು ಹೊತ್ತು ಹಿಡಿದಿದ್ದಳೆಂದು ಅಲ್ಲಿದ್ದ ಯಾರೂ ಗಡಿಯಾರ ನೋಡಿರಲಿಲ್ಲ.