ಮನೆ ಹೊರುವ ದಿನದ ಪರೀಕ್ಷೆ

ಅರೆದ ಮೀನಿಗೆ ಸಾಬಕ್ಕಿ ಹಿಟ್ಟು ಬೆರೆಸಿ ಜವಿಯಾ ಅಂಗೈ ಊರಿ ನಾದುತ್ತಿದ್ದಳು. ಮೊಣಕೈವರೆಗೂ ಮೀನು ಮೆತ್ತಿಕೊಂಡಿದ್ದರಿಂದ ಫೋನು ಮುಟ್ಟುವ ಹಾಗಿರಲಿಲ್ಲ. ಉಪ್ಪಿನ ಡಬ್ಬಿಗೆ ಒರಗಿಸಿಟ್ಟಿದ್ದ ಆ ಫೋನಿನೊಳಗಿಂದ ಫೌಜಿಯಾ ಟೀಚರು ಈಶಾನ್ಯ ಮಾರುತದ ಪಾಠ ಹೇಳುತ್ತಿದ್ದರು. ಉತ್ತರದ ದೊಡ್ಡ ನೆಲ ತಣ್ಣಗಾಗುತ್ತದೆ, ಅಲ್ಲಿ ಗಾಳಿಯ ಒತ್ತಡ ಏರುತ್ತದೆ, ದಕ್ಷಿಣದಲ್ಲಿ ಇಳಿಯುತ್ತದೆ. ಜವಿಯಾ ಹಿಟ್ಟನ್ನು ಒತ್ತುತ್ತಾ ತುಟಿಯಲ್ಲೇ ಹೇಳಿಕೊಂಡಳು: ಏರುತ್ತದೆ, ಇಳಿಯುತ್ತದೆ.

ಮೆಟ್ಟಿಲ ಮೇಲೆ ಕೂತು ಮೀನಿನ ತಲೆ ಬೇರೆ ಮಾಡುತ್ತಿದ್ದ ಅತ್ತೆ ಅಲ್ಲಿಂದಲೇ ಕೂಗಿದರು. "ಏ ಜವಿಯಾ, ಆ ಹೆಂಗಸು ಬೆಳಗ್ಗೆಯಿಂದ ಗಾಳಿ ಗಾಳಿ ಅಂತ ಒದ್ದಾಡ್ತಿದಾಳಲ್ಲ, ಅವಳ ಮನೇಲಿ ಫ್ಯಾನಿಲ್ವಾ?"

"ಪಾಠ ಹೇಳ್ತಿದಾರೆ ಮೊಕ್." ಆ ಕರಾವಳಿಯಲ್ಲಿ ತಾಯಿಯನ್ನೂ ಅತ್ತೆಯನ್ನೂ ಮೊಕ್ ಎಂದೇ ಕರೆಯುವುದು. "ಗಾಳಿ ಯಾವಾಗ, ಯಾಕೆ ತಿರುಗತ್ತೆ ಅಂತ."

"ಅದನ್ನ ಕೇಳೋಕೆ ದುಡ್ಡು ಕಟ್ಟಿದೀಯ? ನನ್ನ ಮಂಡೀನ ಕೇಳಿದ್ರೆ ಪುಕ್ಕಟೆ ಹೇಳ್ತಿತ್ತು."

ಜವಿಯಾ ನಕ್ಕಳು. ಗಾಳಿ ತಿರುಗುವ ಮುನ್ನ ತಪ್ಪದೆ ನೋಯುವ ಅತ್ತೆಯ ಮಂಡಿ ಎರಡು ದಿನದಿಂದ ನೋಯುತ್ತಿತ್ತು ಎನ್ನುವುದು ಮಾತ್ರ ಅವಳಿಗೆ ನಗು ತರುವ ಸಂಗತಿಯಾಗಿರಲಿಲ್ಲ.

ಆರನೇ ಫಾರಂ ಎಂದು ಇಲ್ಲಿ ಕರೆಯುವ, ಕಾಲೇಜಿನ ಹೊಸ್ತಿಲ ಓದನ್ನು ಅವಳು ಅರ್ಧಕ್ಕೆ ಬಿಟ್ಟು ಮದುವೆಯಾಗಿ ಈ ಮನೆಗೆ ಬಂದಿದ್ದಳು. ಮಕ್ಕಳಿಬ್ಬರೂ ಹಾಸ್ಟೆಲ್ಲು ಸೇರಿದ ಮೇಲೆ ದೂರಶಿಕ್ಷಣಕ್ಕೆ ಹೆಸರು ಕೊಟ್ಟಳು. ಪಾಠದ ಪುಸ್ತಕಗಳು ಅಂಚೆಯಲ್ಲಿ ಬಂದವು. ಮೀನಿನ ಕಡುಬು ಬೇಯುವ ಹಂಡೆಯ ಪಕ್ಕದಲ್ಲಿ ಕೂತು ಓದಿ ಓದಿ ಅವುಗಳ ಹಾಳೆಗಳೆಲ್ಲ ಹಬೆಗೆ ಉಬ್ಬಿಹೋಗಿದ್ದವು. ಉಳಿದ ವಿಷಯಗಳು ಒಂದೊಂದಾಗಿ ಮುಗಿದು ಈಗ ಭೂಗೋಳವೊಂದೇ ಬಾಕಿ. ಈ ಸಲ ತಪ್ಪಿದರೆ ಮುಗಿದವೂ ಲೆಕ್ಕಕ್ಕಿಲ್ಲ, ಮತ್ತೆ ಮೊದಲಿನಿಂದ. ಊರಿನ ಶಿಶುವಿಹಾರದಲ್ಲಿ ಅವಳು ಮಧ್ಯಾಹ್ನದ ಹೊತ್ತು ಮಕ್ಕಳ ಮೂಗೊರೆಸುವ ಆಯಾ. ಪ್ರಮಾಣಪತ್ರ ಕೈಗೆ ಬಂದರೆ ಅದೇ ಕೋಣೆಯಲ್ಲಿ ಟೀಚರಾಗಬಹುದು ಎಂದು ಅಲ್ಲಿಯವರು ಹೇಳಿದ್ದರು. ಜನರಿಗೆ ಅವಳು ಕೊಡುತ್ತಿದ್ದ ಕಾರಣ ಅದು. ಅವಳಿಗೆ ಅವಳೇ ಕೊಟ್ಟುಕೊಂಡ ಕಾರಣ ಬೇರೆ. ಶುರು ಮಾಡಿದ್ದರಲ್ಲಿ ಬೇರೆ ಯಾರಿಗೂ ಬೇಕಿಲ್ಲದ, ತನಗೊಬ್ಬಳಿಗೇ ಬೇಕಾದ ಒಂದನ್ನಾದರೂ ಮುಗಿಸಬೇಕಿತ್ತು.

ಪರೀಕ್ಷೆ ಬುಧವಾರ ಬೆಳಿಗ್ಗೆ, ಪಟ್ಟಣದಲ್ಲಿ. ಅಂದು ಭಾನುವಾರ.

ಗಾಳಿ ತಡವಾಗಿ ಬರಲೆಂದು ಅವಳು ಹಾರೈಸುತ್ತಿದ್ದುದಕ್ಕೆ ಕಾರಣ ಅವಳಿದ್ದ ಮನೆ. ಕಡಲು ಪ್ರತಿ ಮಳೆಗಾಲದಲ್ಲೂ ದಡವನ್ನು ತಿನ್ನುತ್ತಾ ಬಂದು, ಹೋದ ವರ್ಷ ಅಡಿಗೆಮನೆಯ ಕೊನೆಯ ಮೆಟ್ಟಿಲ ಕೆಳಗಿನ ಮರಳನ್ನೂ ಎಳೆದುಕೊಂಡಿತ್ತು. ಪುಸ್ತಕ ಅದನ್ನು ಕಡಲ್ಕೊರೆತ ಎನ್ನುತ್ತಿತ್ತು, ಅತ್ತೆ ಕಡಲಿಗೆ ಹಸಿವು ಎನ್ನುತ್ತಿದ್ದರು. ಮನೆ ಮರದ್ದು. ಕಂಬಗಳನ್ನು ನೆಲದಲ್ಲಿ ಹೂತಿಲ್ಲ, ಕಲ್ಲುಗಳ ಮೇಲೆ ಕೂರಿಸಿದೆ. ಕೆಳಗೆ ಬಿದಿರಿನ ಗಳುಗಳನ್ನು ಕಟ್ಟಿ, ಊರ ಗಂಡಸರೆಲ್ಲ ಹೆಗಲು ಕೊಟ್ಟರೆ ಮನೆ ಇಡಿಯಾಗಿ ಏಳುತ್ತದೆ. ರಸ್ತೆಯ ಆಚೆ ಅತ್ತೆಯ ತಮ್ಮನ ತೆಂಗಿನ ತೋಟದಲ್ಲಿ ಜಾಗ ಗುರುತಾಗಿತ್ತು. ದಿನ ಮಾತ್ರ ಗುರುತಾಗಿರಲಿಲ್ಲ. ದೋಣಿಗಳು ಕಡಲಲ್ಲಿರುವಾಗ ಹೆಗಲು ಸಿಗುವುದಿಲ್ಲ, ದೊಡ್ಡ ಮಳೆ ಹಿಡಿದ ಮೇಲೆ ಕಾಲು ಹೂತುಕೊಳ್ಳುತ್ತದೆ. ಗಾಳಿ ತಿರುಗಿ ದೋಣಿ ದಡ ಸೇರಿದ ಮೇಲೆ ಮಳೆಗೆ ಮೊದಲು ಸಿಗುವ ಒಂದೆರಡು ದಿನದಲ್ಲೇ ಕೆಲಸ ಮುಗಿಯಬೇಕು.

ಮನೆ ಎದ್ದಾಗ ಅದರ ಮುಂದೆ ಮನೆಯ ಹೆಂಗಸು ಅಕ್ಕಿಯ ಭರಣಿ ಹೊತ್ತು ನಡೆಯಬೇಕು. ಸೊಸೆಯಿದ್ದರೆ ಸೊಸೆಯೇ. ಹಿಂದಿರುಗಿ ನೋಡುವಂತಿಲ್ಲ. ಅವಳು ಹೊಸ ಜಾಗದಲ್ಲಿ ಭರಣಿ ಇಳಿಸಿದ ಮೇಲೆಯೇ ಗಂಡಸರು ಮನೆ ಇಳಿಸುವುದು.

"ಭರಣಿ ಹೊತ್ಕೊಂಡು ಗಾಳಿ ಪಾಠ ಬಾಯಿಪಾಠ ಮಾಡ್ತಾ ಎಡವೀಯ ಮತ್ತೆ," ಎಂದು ಅತ್ತಿಗೆ ಸೆಪಿಯಾ ಆಗಲೇ ಚುಚ್ಚಿದ್ದಳು. ಗಂಡನ ಅಕ್ಕ, ಪಕ್ಕದ ಮನೆಯವಳು. ಹುಟ್ಟಿದ ಮನೆಯ ಭರಣಿ ತನ್ನ ಪಾಲಿಗಿಲ್ಲ ಎನ್ನುವುದು ಅವಳಿಗೆ ಎಂದಿನಿಂದಲೂ ಮುಳ್ಳು.

ಮಂಗಳವಾರ ಬೆಳಗಾಗುವಾಗ ತೆಂಗಿನ ಗರಿಗಳೆಲ್ಲ ಒಂದೇ ದಿಕ್ಕಿಗೆ ಬಾಗಿದ್ದವು. ಕಡಲು ಕಂದು ಬಣ್ಣಕ್ಕೆ ತಿರುಗಿತ್ತು. ಜವಿಯಾ ಬಾಗಿಲಲ್ಲಿ ನಿಂತು ನೋಡಿದಳು. ಆ ಗಾಳಿ ಎಲ್ಲಿ ಹುಟ್ಟಿತು, ಯಾವ ಕಡಲು ದಾಟಿತು, ಎಲ್ಲಿ ನೀರು ತುಂಬಿಕೊಂಡಿತು ಎಂದು ಚಿತ್ರ ಸಮೇತ ಬರೆಯಬಲ್ಲವಳಾಗಿದ್ದಳು. ಇನ್ನೊಂದು ದಿನ ತಡಿ ಎಂದು ಅದಕ್ಕೆ ಹೇಳುವುದು ಮಾತ್ರ ಯಾವ ಪುಸ್ತಕದಲ್ಲೂ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ದೋಣಿಗಳೆಲ್ಲ ದಡದ ಮೇಲಿದ್ದವು. ಊರ ಹಿರಿಯ ಪಾಕ್ ಸುಲೊಂಗ್ ಬಂದು ಜಗಲಿಯಲ್ಲಿ ಕೂತು, ಕಾಫಿ ಕುಡಿದು, "ನಾಳೆ ಬೆಳಗಿನ ನಮಾಜು ಮುಗಿಸಿ ಎತ್ತಿಬಿಡೋಣ. ನಾಡಿದ್ದು ಮಳೆ ಹೊಡೀತದೆ," ಎಂದ.

"ನಾಳೆ ನನಗೆ ಪರೀಕ್ಷೆ," ಎಂದಳು ಜವಿಯಾ.

ಎಲ್ಲರೂ ಅವಳ ಕಡೆ ನೋಡಿದರು. ಅತ್ತೆಗೆ ನಿಜಕ್ಕೂ ಅರ್ಥವಾಗಲಿಲ್ಲ. "ಬರಿ, ಅದಕ್ಕೇನು? ಮನೇಲೇ ಓದಿದ್ದು ತಾನೆ? ಮಧ್ಯಾಹ್ನ ಕೂತು ಬರಿ."

"ಓದೋದು ಮನೇಲಿ ಮೊಕ್. ಬರೆಯೋದು ಪಟ್ಟಣದ ಶಾಲೇಲಿ. ಬೆಳಿಗ್ಗೆ ಎಂಟಕ್ಕೆ."

"ಇದೆಂಥ ಕಥೆ! ಪಾಠ ಫೋನಲ್ಲಿ ಬರತ್ತೆ, ಪುಸ್ತಕ ಅಂಚೆಯಣ್ಣ ತರ್ತಾನೆ, ಪರೀಕ್ಷೆ ಮಾತ್ರ ಕಾಲಿಲ್ಲದೆ ಅಲ್ಲೇ ಕೂತಿರತ್ತಾ?"

"ಒಂದ್ ಕೆಲಸ ಮಾಡು," ಎಂದಳು ಸೆಪಿಯಾ. "ನೀನು ಮನೆಯೊಳಗೇ ಕೂತು ಬರಿ. ನಾವು ಹೊತ್ಕೊಂಡು ಪಟ್ಟಣಕ್ಕೇ ಬಿಟ್ಟುಬರ್ತೀವಿ."

ಪಾಕ್ ಸುಲೊಂಗನಿಗೆ ನಗು ತಡೆಯಲಾಗದೆ ಕಾಫಿ ನೆತ್ತಿಗೇರಿತು. ಜವಿಯಾಳೂ ನಕ್ಕಳು. ಒಳ್ಳೆಯ ಮಾತೇ ಆಗಿತ್ತು.

ಗಂಡ ದೆರಮಾನ್ ನಗಲಿಲ್ಲ. ಅವನು ಕೆಟ್ಟವನಲ್ಲ. ಅವಳ ಪುಸ್ತಕಗಳಿಗೆ ಹಲಗೆ ಹೊಡೆದುಕೊಟ್ಟವನು ಅವನೇ. "ಟೀಚರನ್ನ ಕೇಳಿ ನೋಡು, ಬೇರೆ ದಿನ ಕೊಡ್ತಾರೇನೋ," ಎಂದ.

"ಕೊಡಲ್ಲ. ಇಡೀ ದೇಶಕ್ಕೆ ಒಂದೇ ದಿನ."

ಅವನು ಬೀಡಿಯನ್ನು ಬೆರಳಲ್ಲಿ ತಿರುಗಿಸಿದ. ಹೊರಗೆ ನೋಡಿದ. ಆಮೇಲೆ, ಬಹಳ ಮೃದುವಾಗಿ, "ನೋಡು, ನಿನ್ನಿಷ್ಟ," ಎಂದ.

"ಹೌದಪ್ಪ, ಅವಳಿಷ್ಟ," ಎಂದರು ಅತ್ತೆ. "ಭರಣಿಗೆ ಏನೋ ಒಂದು ಮಾಡೋಣ." ಹಾಗೆನ್ನುತ್ತಾ ನೋಯುವ ಮಂಡಿಯ ಮೇಲೆ ಕೈಯಿಟ್ಟುಕೊಂಡರು.

ಜವಿಯಾ ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅವಳು ಇನ್ನೇನೂ ಹೇಳದ್ದರಿಂದ ಮಾತು ಮುಗಿಯಿತೆಂದು ಎಲ್ಲರೂ ತಿಳಿದರು. ಜಗಲಿಯಲ್ಲಿ ಬಿದಿರು ಯಾರ ಮನೆಯಿಂದ, ಹಗ್ಗ ಯಾರ ದೋಣಿಯಿಂದ ಎಂಬ ಚರ್ಚೆ ಶುರುವಾಯಿತು.

ಸಂಜೆ ಹೆಂಗಸರು ಬಂದರು. ಮನೆ ಹೊರುವವರಿಗೆ ಅನ್ನ, ಮೀನಿನ ಸಾರು. ಅಂಗಳದಲ್ಲಿ ಚಾಪೆ ಹಾಸಿ, ಸಣ್ಣ ಈರುಳ್ಳಿಯ ರಾಶಿ ಸುರಿದುಕೊಂಡು ಸುತ್ತಲೂ ಕೂತರು. ಗಾಳಿಗೆ ಸಿಪ್ಪೆಗಳು ಹಾರಿ ಎಲ್ಲರ ಸೆರಗಿಗೂ ಸಿಕ್ಕಿಕೊಳ್ಳುತ್ತಿದ್ದವು. ಯಾರದೋ ಮದುವೆಯಲ್ಲಿ ಅನ್ನ ಸಾಲದೆ ಹೋದದ್ದು, ಯಾರ ಮಗನೋ ದೋಣಿ ಮಾರಿ ಬೈಕು ಕೊಂಡದ್ದು, ಮಾತು ನಡೆದೇ ಇತ್ತು. ಜವಿಯಾಳ ಕೈ ನಡೆಯುತ್ತಿತ್ತು, ಬಾಯಿ ಅಲ್ಲಲ್ಲಿ ಹೂಂ ಎನ್ನುತ್ತಿತ್ತು.

ಅವಳು ನಿನ್ನಿಷ್ಟ ಎಂಬ ಮಾತಿನ ಬಗ್ಗೆ ಯೋಚಿಸುತ್ತಿದ್ದಳು. ಈ ಮನೆಯಲ್ಲಿ ಯಾರೂ ಅವಳಿಗೆ ಬೇಡ ಎಂದವರಲ್ಲ. ತಂಗಿಯ ಮದುವೆಗೆ ಮುಂಚಿತವಾಗಿ ಹೋಗಲೇ ಎಂದಾಗ ನಿನ್ನಿಷ್ಟ ಎಂದಿದ್ದರು, ಅವಳು ಮದುವೆಯ ದಿನ ಹೋಗಿದ್ದಳು. ಪಟ್ಟಣದಲ್ಲಿ ಹೊಲಿಗೆ ಕಲಿಯಲೇ ಎಂದಾಗ ನಿನ್ನಿಷ್ಟ ಎಂದಿದ್ದರು, ಅವಳು ಕಲಿಯಲಿಲ್ಲ. ಬೇಡ ಎಂದಿದ್ದರೆ ಜಗಳವಾಡಬಹುದಿತ್ತು. ನಿನ್ನಿಷ್ಟ ಎಂದವರ ಮುಖವನ್ನು ನೋಡಿ, ಅವರಿಗೆ ಇಷ್ಟವಾದುದೇನು ಎಂದು ಹುಡುಕಿ ತೆಗೆದು, ಅದನ್ನು ತನ್ನದೆಂದು ಹೇಳಿ ಒಪ್ಪಿಸುವ ಕೆಲಸವನ್ನು ಮಾಡುತ್ತಿದ್ದವಳು ಅವಳೇ. ಅವಳ ಇಷ್ಟವನ್ನು ಯಾರೂ ಅವಳಿಂದ ಕಿತ್ತುಕೊಂಡಿರಲಿಲ್ಲ. ಇದು ಹೊಳೆದಾಗ ಅವಳಿಗೆ ಸಿಟ್ಟು ಬರಲಿಲ್ಲ. ಪಾಠದಲ್ಲಿ ಬಹಳ ದಿನ ತಲೆಗೆ ಹತ್ತದ ಒಂದು ನಕ್ಷೆ ತಟ್ಟನೆ ಅರ್ಥವಾದ ಹಾಗಾಯಿತು.

"ನಾಳೆ ಬೇಗ ಎದ್ದು ತಲೆಗೆ ನೀರು ಹಾಕ್ಕೋ," ಎಂದರು ಅತ್ತೆ. "ಭರಣಿ ಮುಟ್ಟೋ ಮೊದಲು."

"ಬೇಗ ಏಳ್ತೀನಿ ಮೊಕ್."

"ಅದಕ್ಕೆ ಅಕ್ಕಿ ಪೂರ್ತಿ ತುಂಬಬೇಡ, ಕತ್ತು ಉಳುಕತ್ತೆ," ಎಂದಳು ಸೆಪಿಯಾ. "ನಾನಾದ್ರೆ ಕಂಠದವರೆಗೂ ತುಂಬಿ ಹೊರ್ತಿದ್ದೆ. ನನ್ನ ಕತ್ತು ನೋಡು, ಕಂಬ ಇದ್ದಂಗಿದೆ."

ಜವಿಯಾ ನೋಡಿದಳು. ಗಟ್ಟಿ ಕತ್ತು. ಈ ಮನೆಯಲ್ಲೇ ಹುಟ್ಟಿ, ಇದರ ಹಲಗೆಗಳ ಮೇಲೆ ಅಂಬೆಗಾಲಿಟ್ಟವಳು. ನಾಳೆ ಬೆಳಿಗ್ಗೆ ಅತ್ತೆ ಒಂದು ಗಳಿಗೆ ಕೂಗಾಡಿಯಾರು, ದೆರಮಾನ್ ರಸ್ತೆಯವರೆಗೆ ಬಂದು ನೋಡಿಯಾನು. ಆದರೆ ಗಂಡಸರು ಬಿದಿರಿಗೆ ಹೆಗಲು ಕೊಟ್ಟಿರುವಾಗ ಯಾರೂ ಹೆಚ್ಚು ಹೊತ್ತು ಕಾಯಲಾರರು. ಸೆಪಿಯಾ ಭರಣಿ ಎತ್ತಿಕೊಳ್ಳುತ್ತಾಳೆ, ಯಾರೂ ಕೇಳುವ ಮೊದಲೇ. ಮನೆ ರಸ್ತೆ ದಾಟುತ್ತದೆ. ಊರು ಈ ಸೊಸೆಯ ಬಗ್ಗೆ ಮಳೆಗಾಲ ಮುಗಿಯುವವರೆಗೂ ಮಾತಾಡುತ್ತದೆ. ಮಳೆಗಾಲ ಉದ್ದವೇ. ಆಡಿಕೊಳ್ಳಲಿ.

ಮೊದಲ ಬಸ್ಸು ನಮಾಜಿನ ಕರೆಗೂ ಮುಂಚೆ. ಸಾರಿಗೆ ಮಸಾಲೆ ಅರೆದಿಟ್ಟು, ಸ್ನಾನ ಮಾಡಿ, ಹಿಂಬಾಗಿಲಿಂದ ಹೋಗುವುದು. ಹೋಗುತ್ತೇನೆ ಎಂದು ಈಗ ಬಾಯಿಬಿಟ್ಟರೆ ಇವರೆಲ್ಲ ಇನ್ನೊಮ್ಮೆ ನಿನ್ನಿಷ್ಟ ಎನ್ನುತ್ತಾರೆ, ನಾನು ಇನ್ನೊಮ್ಮೆ ಅವರ ಮುಖ ನೋಡುತ್ತೇನೆ. ಆದ್ದರಿಂದ ಹೇಳುವುದಿಲ್ಲ.

"ಏನೇ, ಕಣ್ಣಲ್ಲಿ ನೀರು?" ಎಂದಳು ಎದುರು ಕೂತಿದ್ದವಳು.

"ಈರುಳ್ಳಿ," ಎಂದು ಜವಿಯಾ ತೋಳಿನಲ್ಲಿ ಕಣ್ಣೊರೆಸಿಕೊಂಡಳು. ಅದು ನಿಜವೂ ಆಗಿತ್ತು. ಇನ್ನೊಂದು ಹಿಡಿ ಎತ್ತಿಕೊಂಡು ಮಡಿಲಿಗೆ ಹಾಕಿಕೊಂಡಳು.